ತೆರೆದ ಅಡುಗೆಮನೆ ನಮಗೆ ಒಗ್ಗುತ್ತದೆಯೇ?

ಪರ: ಹೊಗೆ ಹೋಯಿತು, ಗೋಡೆ ಏಕೆ? (ಶಿರಸಿಯಿಂದ)

ಶಿರಸಿ ಸೀಮೆಯ ಹಳೆಯ ಮನೆಗಳ ಮಾತು ಬಂದರೆ ಎಲ್ಲರೂ ಜಗಲಿಯನ್ನು ಹೊಗಳುತ್ತಾರೆ. ಅಡಿಕೆ ಸುಲಿಯುವ ರಾತ್ರಿ, ಕವಳದ ಬಟ್ಟಲು, ತಾಳಮದ್ದಳೆಯ ಚರ್ಚೆ, ಎಲ್ಲ ಅಲ್ಲಿಯೇ. ಅಡುಗೆಮನೆಯನ್ನು ಹೊಗಳಿದವರನ್ನು ನಾನು ಕಂಡಿಲ್ಲ. ಅದು ಇರುತ್ತಿದ್ದುದು ನಡುಮನೆಯನ್ನೂ ದಾಟಿದ ಮೇಲಿನ ಕತ್ತಲಲ್ಲಿ. ಜಗಲಿಯಲ್ಲಿ ನಗೆ ಎದ್ದಾಗ ಆಯಿ ಬಾಗಿಲ ಸಂದಿಯಿಂದ "ಏನಂತೆ?" ಎಂದು ಕೇಳುತ್ತಿದ್ದಳು. ಅಷ್ಟರಲ್ಲಿ ಮಾತು ಬೇರೆಡೆಗೆ ಹೊರಳಿರುತ್ತಿತ್ತು.

ಆಗ ಅಡುಗೆಮನೆಗೂ ಪಡಸಾಲೆಗೂ ನಡುವಿನ ಗೋಡೆಗೆ ಕಾರಣವಿತ್ತು, ಒಪ್ಪುತ್ತೇನೆ. ಸೌದೆ ಒಲೆಯ ಹೊಗೆ ಮನೆಯೆಲ್ಲ ತುಂಬಬಾರದು. ಆ ಹೊಗೆಗೂ ಕೆಲಸವಿತ್ತು: ಅಟ್ಟದ ಮರಕ್ಕೆ ಮಸಿ ಹಿಡಿದರೆ ಹುಳ ಹತ್ತುತ್ತಿರಲಿಲ್ಲ. ಈಗ ಒಲೆ ಹೋಗಿ ಗ್ಯಾಸ್ ಬಂದಿದೆ, ಅಟ್ಟ ಹೋಗಿ ತಾರಸಿ ಬಂದಿದೆ. ಮಡಿ ಎನ್ನುವವರಿಗೆ ಒಂದೇ ಪ್ರಶ್ನೆ: ಫ್ರಿಜ್ ದುರಸ್ತಿಗೆ ಬಂದವನನ್ನು ಎಲ್ಲಿ ನಿಲ್ಲಿಸಿದಿರಿ?

ಅಮೆರಿಕದ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ 1937ರಲ್ಲಿ ಮ್ಯಾಡಿಸನ್ ನಗರದಲ್ಲಿ ಮುಗಿಸಿದ ಜೇಕಬ್ಸ್ ಮನೆಯಲ್ಲಿ ಅಡುಗೆಯ ಜಾಗ ಮನೆಯ ನಡುವಿಗೆ ಬಂತು, ಊಟದ ಮೇಜಿನ ಪಕ್ಕಕ್ಕೇ. ಆಳುಕಾಳು ಇಲ್ಲದ ಸಾಧಾರಣ ಸಂಸಾರಕ್ಕಾಗಿ ಯೋಚಿಸಿದ ಮನೆ ಅದು. ನಮ್ಮ ಸ್ಥಿತಿಯೂ ಈಗ ಅದೇ ಅಲ್ಲವೇ? ಮಕ್ಕಳು ಬೆಂಗಳೂರಿನಲ್ಲಿ, ಮನೆಯಲ್ಲಿ ಇಬ್ಬರೋ ಮೂವರೋ, ಅವರ ನಡುವೆ ಒಂಬತ್ತು ಅಂಗುಲದ ಗೋಡೆ.

ನಾವು ಒಡೆಸಿದೆವು. ಮಾವ ಮೊದಲ ವಾರ ಮುಖ ಗಂಟಿಕ್ಕಿಕೊಂಡೇ ಇದ್ದರು. ಈಗ ಪತ್ರಿಕೆ ಓದುತ್ತಲೇ ಸೌತೆಕಾಯಿ ಹೆಚ್ಚಿಕೊಡುತ್ತಾರೆ. ಹೋಳುಗಳು ದಪ್ಪ, ಆದರೂ ತಂಬುಳಿಯ ಜೊತೆ ಇಳಿಯುತ್ತವೆ.

ವಿರೋಧ: ಬಂಗಡೆ ಹುರಿಯದವರ ನಕ್ಷೆ (ಕಾರವಾರದಿಂದ)

ತಂಬುಳಿಗೆ ಗೋಡೆ ಬೇಡ, ಸರಿ. ಕಾದ ಕೊಬ್ಬರಿ ಎಣ್ಣೆಗೆ ಮಸಾಲೆ ಹಚ್ಚಿದ ಬಂಗಡೆ ಬಿದ್ದಾಗ ಏನಾಗುತ್ತದೆ ಎಂಬುದನ್ನು ಶಿರಸಿಯ ಅಕ್ಕ ಒಮ್ಮೆ ಬಂದು ನೋಡಬೇಕು. ಆ ವಾಸನೆ ನನಗೆ ಬಲು ಇಷ್ಟ, ಆದರೆ ತಟ್ಟೆಯಲ್ಲಿ. ಮರುದಿನ ಬೆಳಿಗ್ಗೆ ಸೋಫಾದ ಬಟ್ಟೆಯಲ್ಲಿ ಅಲ್ಲ.

ಚಿಮಣಿ ಇದೆಯಲ್ಲ ಎನ್ನುತ್ತಾರೆ. ಗಂಟೆಗೆ ಇಷ್ಟು ಘನ ಮೀಟರ್ ಗಾಳಿ ಎಳೆಯುತ್ತದೆ ಎಂದು ಪೆಟ್ಟಿಗೆಯ ಮೇಲೆ ಬರೆದಿರುತ್ತದೆ. ಕೊಳವೆ ಒಂದೊಂದು ಕಡೆ ತಿರುಗಿದಂತೆಲ್ಲ ಆ ಎಳೆತ ಕುಗ್ಗುತ್ತದೆ, ಅದನ್ನು ಬರೆದಿರುವುದಿಲ್ಲ. ನಮ್ಮ ಮನೆಯಲ್ಲಿ ಎರಡು ತಿರುವು. ಅದಕ್ಕಿಂತ ದೊಡ್ಡ ಶತ್ರು ಊಟದ ಮೇಜಿನ ಮೇಲಿನ ಫ್ಯಾನ್. ಮೇ ತಿಂಗಳ ಕಾರವಾರದಲ್ಲಿ ಅದಿಲ್ಲದೆ ಕೂರಲಾಗದು. ಅದು ತಿರುಗಿದರೆ ಚಿಮಣಿಗೆ ಸಿಗುವ ಮೊದಲೇ ಹೊಗೆ ಪಡಸಾಲೆಯನ್ನೆಲ್ಲ ಸುತ್ತಿ ಬರುತ್ತದೆ. ಮಳೆಗಾಲದಲ್ಲಿ ಕರೆಂಟ್ ಹೋದರಂತೂ ಚಿಮಣಿ ಬರಿಯ ತಗಡು.

ನಮ್ಮದು ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆ ಬೀಳುವ ಊರು, ಉಪ್ಪುಗಾಳಿ ಬೇರೆ. ಅನ್ನ ಬಸಿದ ಹಬೆಯೂ ಅದಕ್ಕೆ ಸೇರಿಕೊಂಡರೆ ಟಿ.ವಿ. ಕೆಳಗಿನ ಕಪಾಟಿನ ಪಾರ್ಟಿಕಲ್ ಬೋರ್ಡ್ ಅಂಚಿನಲ್ಲಿ ಉಬ್ಬುತ್ತದೆ, ಕೀಲುಗಳಿಗೆ ತುಕ್ಕು ಹತ್ತುತ್ತದೆ. ಉಪ್ಪನ್ನು ಚೆನ್ನಾಗಿ ತಾಳುವುದು ಮಾಲಿಬ್ಡಿನಮ್ ಬೆರೆಸಿದ 316 ದರ್ಜೆಯ ಸ್ಟೀಲು. ಮನೆಯ ತುಂಬ ಅದನ್ನೇ ಹಾಕಿಸುವ ಶಕ್ತಿ ಎಷ್ಟು ಜನರಿಗಿದೆ? ಹಬೆಯನ್ನು ಒಂದು ಕೋಣೆಯಲ್ಲಿ ತಡೆದು ಹಿತ್ತಿಲ ಬಾಗಿಲಿನಿಂದ ಹೊರಗೆ ಕಳಿಸುವುದು ಅಗ್ಗ.

ಒಳಗಿರುವವಳ ಒಂಟಿತನದ ಮಾತು ನನ್ನನ್ನು ಚುಚ್ಚಿತು, ಸುಳ್ಳು ಹೇಳುವುದಿಲ್ಲ. ಅದಕ್ಕೂ ಉಪಾಯ ಹಳೆಯದೇ. 1926ರಲ್ಲಿ ಆಸ್ಟ್ರಿಯಾದ ವಾಸ್ತುಶಿಲ್ಪಿ ಮಾರ್ಗರೆಟೆ ಶ್ಯೂಟೆ-ಲಿಹೋಟ್ಸ್ಕಿ ರೂಪಿಸಿದ ಫ್ರಾಂಕ್‌ಫರ್ಟ್ ಅಡುಗೆಮನೆ ಬರಿಯ 1.9 ಮೀಟರ್ ಅಗಲ, 3.4 ಮೀಟರ್ ಉದ್ದ. ಅದಕ್ಕೆ ಗೋಡೆಯಿತ್ತು, ಪಡಸಾಲೆಯ ಕಡೆಗೆ ಸರಿಸುವ ಅಗಲವಾದ ಬಾಗಿಲೂ ಇತ್ತು. ಮಾತಿಗೆ ತೆರೆಯಬಹುದು, ಮೀನಿಗೆ ಮುಚ್ಚಬಹುದು. ಅಲ್ಲಿಯೂ ಹೆಂಗಸು ಒಂಟಿಯಾದಳೆಂದು ಆಮೇಲೆ ಟೀಕೆ ಬಂತು, ನಿಜ. ಬಾಗಿಲು ತೆರೆದಿಡುವುದನ್ನು, ಒಳಗೆ ಹೋಗಿ ಈರುಳ್ಳಿ ಹೆಚ್ಚುವುದನ್ನು ಗಂಡಸರಿಗೆ ನಕ್ಷೆ ಕಲಿಸುವುದಿಲ್ಲ.

ನಮ್ಮ ಕೋಡಿಬಾಗದ ಕಡೆಯ ಪರಿಚಯದ ಮನೆಯೊಂದರಲ್ಲಿ ಗಾಜಿನಂತೆ ಹೊಳೆಯುವ ತೆರೆದ ಅಡುಗೆಮನೆಯಿದೆ. ಅಲ್ಲಿ ಚಹಾ ಕುದಿಯುತ್ತದೆ, ಅಷ್ಟೆ. ಮೀನು ಹುರಿಯಲು ಹಿಂದೆ ಬಾವಿಕಟ್ಟೆಯ ಪಕ್ಕ ತಗಡು ಹೊದಿಸಿ ಇನ್ನೊಂದು ಒಲೆ ಹೂಡಿದ್ದಾರೆ. ಹೋದ ಭಾನುವಾರ ನಾವೆಲ್ಲ ಒಳಗೆ ಕುಳಿತು ನಗುತ್ತಿದ್ದಾಗ ಮನೆಯೊಡತಿ ಅಲ್ಲಿ, ಮಳೆಯ ಇರಚಲಿನಲ್ಲಿ, ಒಬ್ಬರೇ ಬಂಗಡೆ ಮಗುಚುತ್ತಿದ್ದರು.