ಕ್ವಾರ್ಟರ್ ಮೇಲೆ ಎರಡು ಸಿಂಹ, ಒಳಗೆ ಮಂಡ್ಯದ ಕಾಕಂಬಿ

ಬೆಂಗಳೂರಿನ ಯಾವ ವೈನ್ಸ್ ಅಂಗಡಿಗೆ ಬೇಕಾದರೂ ಹೋಗಿ ನೋಡಿ, ಕಬ್ಬಿಣದ ಜಾಲರಿಯ ಆಚೆ, ವಿಸ್ಕಿ ಬಾಟಲಿಗಳ ಲೇಬಲ್ ಮೇಲೆ, ಸ್ಕಾಟ್ಲೆಂಡ್ ಇರುತ್ತದೆ. ಕವಲು ಕೊಂಬಿನ ಜಿಂಕೆ, ಮಂಜು ಮುಸುಕಿದ ಬೆಟ್ಟ, ಹಳೇ ಕೋಟೆ, ಗುರಾಣಿ ಹಿಡಿದು ನಿಂತ ಎರಡು ಸಿಂಹ. ಜಾಲರಿಯ ಈಚೆ ಯಶವಂತಪುರ. ಇಲ್ಲಿಂದ ಅಲ್ಲಿಗೆ ವೀಸಾ ಬೇಡ, ಕಂಡಿಯೊಳಗೆ ನೋಟು ತೂರಿಸಿದರೆ ಸಾಕು.

ಕೈಗೆ ಬಂದ 180 ಎಂ.ಎಲ್. ಬಾಟಲಿಯನ್ನು ಹಳೇ ಪೇಪರಿನಲ್ಲಿ ಸುತ್ತಿಸಿಕೊಳ್ಳುವ ಮುಂಚೆ ಒಮ್ಮೆ ತಿರುಗಿಸಿ. ಮುಂದುಗಡೆ ದೊಡ್ಡದಾಗಿ 'ಪ್ರೀಮಿಯಂ', 'ಡಿಲಕ್ಸ್', 'ರಿಸರ್ವ್'. ಯಾರಿಗಾಗಿ ರಿಸರ್ವ್ ಮಾಡಿದ್ದರು, ಅವರು ಯಾಕೆ ಬರಲಿಲ್ಲ ಅಂತ ಕೇಳಬೇಡಿ. 'ಆಮದು ಮಾಡಿದ ಸ್ಕಾಚ್ ಮಾಲ್ಟ್ ಬೆರೆಸಿದ್ದು' ಎಂಬ ಸಾಲೂ ಇರುತ್ತದೆ; ಸ್ಕಾಚ್ ಅಂದರೆ ಸ್ಕಾಟ್ಲೆಂಡಿನ ವಿಸ್ಕಿ, ಮಾಲ್ಟ್ ಅಂದರೆ ಮೊಳಕೆ ಬರಿಸಿದ ಬಾರ್ಲಿಯಿಂದ ಇಳಿಸಿದ್ದು. ಎಷ್ಟು ಬೆರೆಸಿದ್ದು ಎಂಬ ಸಾಲನ್ನು ಮಾತ್ರ ಹುಡುಕಬೇಡಿ. ಹಿಂದುಗಡೆ, ಬೆಳಕಿಗೆ ಓರೆಯಾಗಿ ಹಿಡಿದರೆ ಕಾಣುವಷ್ಟು ಸಣ್ಣ ಅಕ್ಷರದಲ್ಲಿ ಅಸಲು ವಿಷಯ: ಇಎನ್‌ಎ, ಮಾಲ್ಟ್ ಸ್ಪಿರಿಟ್, ಖನಿಜ ತೆಗೆದ ನೀರು, ಬಣ್ಣಕ್ಕೆ ಇ150ಎ, ಸೇರಿಸಿದ ಸುವಾಸನೆ. ಈ ಇ150ಎ ಎಂಬ ನಂಬರಿನ ಮನುಷ್ಯ ಬೇರೆ ಯಾರೂ ಅಲ್ಲ, ಸುಟ್ಟ ಸಕ್ಕರೆ. ಪೀಪಾಯಿಯಲ್ಲಿ ವರ್ಷಗಟ್ಟಲೆ ಕೂತು ಬರಬೇಕಾದ ಹೊಂಬಣ್ಣವನ್ನು ಒಂದು ಮಧ್ಯಾಹ್ನದಲ್ಲಿ ತಂದುಕೊಡುವವನು ಅವನೇ.

ಪಾಕ ಹೀಗಿದೆ. ಸಕ್ಕರೆ ತೆಗೆದ ಮೇಲೆ ಕಾರ್ಖಾನೆಯಲ್ಲಿ ಉಳಿಯುವ ಕಪ್ಪು ಅಂಟು ಕಾಕಂಬಿ. ಮಂಡ್ಯ, ಬಾಗಲಕೋಟೆ, ಬೆಳಗಾವಿ ಕಡೆ ಇದಕ್ಕೆ ಬರವಿಲ್ಲ. ನೀರು ಹಾಕಿ ತೆಳ್ಳಗೆ ಮಾಡಿ, ಯೀಸ್ಟ್ ಬೆರೆಸಿ ಒಂದೆರಡು ದಿನ ಹುಳಿ ಬರಿಸಬೇಕು. ಆಮೇಲೆ ಎತ್ತರದ ಭಟ್ಟಿ ಕಂಬಗಳಲ್ಲಿ ಒಂದಾದ ಮೇಲೊಂದರಂತೆ ಹಾಯಿಸಿ, ಫ್ಯೂಸೆಲ್ ಎಣ್ಣೆ, ಆಲ್ಡಿಹೈಡ್ ಎಂಬ ಕಲ್ಮಶವೆಲ್ಲ ಕಳೆದು ಮದ್ಯಸಾರವನ್ನು ಶೇ. 96ರ ಹತ್ತಿರಕ್ಕೆ ತಂದರೆ ಅದೇ ಇಎನ್‌ಎ, ಎಕ್ಸ್‌ಟ್ರಾ ನ್ಯೂಟ್ರಲ್ ಆಲ್ಕೊಹಾಲ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಊರಿಲ್ಲ, ಜಾತಿಯಿಲ್ಲ. ಈಗೀಗ ನುಚ್ಚಕ್ಕಿ, ಮೆಕ್ಕೆಜೋಳದಿಂದಲೂ ತೆಗೆಯುತ್ತಾರೆ. ನೂರು ಲೀಟರ್ ಇಎನ್‌ಎಗೆ ನೀರು ಹಾಕಿ ಶೇ. 42.8ಕ್ಕೆ ಇಳಿಸಿದರೆ ಸುಮಾರು 224 ಲೀಟರ್, ಅಂದರೆ 1,240 ಕ್ವಾರ್ಟರ್. ಅದಕ್ಕೆ ಒಂದಿಷ್ಟು ಮಾಲ್ಟ್ ತೋರಿಸಿ ಸುಟ್ಟ ಸಕ್ಕರೆ ಹಾಕಿದರೆ ವಿಸ್ಕಿ, ತುಸು ದ್ರಾಕ್ಷಿ ಸ್ಪಿರಿಟ್, ಸುವಾಸನೆ ಸೇರಿಸಿ ಲೇಬಲ್ ಮೇಲೆ ಗೊಂಚಲು ಬರೆದರೆ ಬ್ರಾಂದಿ, ಏನೂ ಹಾಕದೆ ಹೆಸರನ್ನಷ್ಟೇ ರಷ್ಯಾ ಕಡೆಯದು ಇಟ್ಟರೆ ವೋಡ್ಕಾ. ಇಡೀ ಕಪಾಟಿನಲ್ಲಿ ಹುಟ್ಟಿದ ಮನೆಯ ಬಗ್ಗೆ ಸುಳ್ಳು ಹೇಳದವನು ಒಬ್ಬನೇ, ರಮ್. ಅವನು ಮೊದಲಿಂದಲೂ ಕಬ್ಬಿನ ಮಗ.

42.8 ಎಂಬ ಈ ವಿಚಿತ್ರ ಅಂಕಿಯೂ ನಮ್ಮದಲ್ಲ. ಬ್ರಿಟಿಷರ ಲೆಕ್ಕದಲ್ಲಿ ಶೇ. 57.15 ಮದ್ಯಸಾರ ಇದ್ದರೆ 'ಪ್ರೂಫ್'. ಅಷ್ಟು ಇದ್ದರೆ ಅದರಲ್ಲಿ ನೆನೆದ ಕೋವಿಮದ್ದಿಗೂ ಬೆಂಕಿ ಹತ್ತುತ್ತಿತ್ತಂತೆ. ಅದರ ಮುಕ್ಕಾಲು ಪಾಲು 42.8. ಬ್ರಿಟಿಷರೇ ಆ ಲೆಕ್ಕ ಬಿಟ್ಟು ಶೇ. 40ಕ್ಕೆ ಇಳಿದರು, ನಾವು ಇನ್ನೂ ಕೋವಿಮದ್ದು ಒಣಗಿಸುತ್ತಾ ಕೂತಿದ್ದೇವೆ. ಪ್ರೂಫಿಗಿಂತ ಶೇ. 25 ಕಡಿಮೆ, ಅಂದರೆ 'ಅಂಡರ್ ಪ್ರೂಫ್' ಎಂಬುದಕ್ಕೆ ಬಾಟಲಿಯ ಮೇಲೆ '25 ಯು.ಪಿ.' ಅಂತ ಹಾಕಿರುತ್ತಾರೆ. ಅದನ್ನು ಓದಿ ಮಾಲು ಉತ್ತರ ಪ್ರದೇಶದ್ದು ಅಂದುಕೊಂಡರೆ ತಪ್ಪು ಓದಿದವರದಲ್ಲ.

ಇಷ್ಟೆಲ್ಲ ಕಾನೂನುಬಾಹಿರ ಅಂದುಕೊಂಡಿರಾ? ಇಲ್ಲ ಸ್ವಾಮಿ, ಪೂರ್ತಿ ಕಾನೂನುಬದ್ಧ. 2006ರ ಆಹಾರ ಸುರಕ್ಷತೆ ಕಾಯ್ದೆಯ ಪ್ರಕಾರ ಮದ್ಯವೂ 'ಆಹಾರ'. ವ್ಯಾಖ್ಯಾನದಲ್ಲಿ ಅದು ಚೂಯಿಂಗ್ ಗಮ್ ಜೊತೆ ಒಂದೇ ಪಂಕ್ತಿಗೆ ಕೂತಿದೆ. 2018ರಲ್ಲಿ ಮಾಡಿ 2019ರ ಏಪ್ರಿಲ್‌ನಿಂದ ಜಾರಿಗೆ ತಂದ ನಿಯಮಗಳಲ್ಲಿ, ಕೃಷಿ ಮೂಲದ ನ್ಯೂಟ್ರಲ್ ಸ್ಪಿರಿಟ್‌ನಿಂದ ಮಾಡಿದ್ದಕ್ಕೂ ವಿಸ್ಕಿ ಎಂಬ ಹೆಸರು ಸಲ್ಲುತ್ತದೆ. ಕಬ್ಬು ಕೃಷಿಯಲ್ಲವೇ? ಯುರೋಪಿನವರು ಮಾತ್ರ ಹಟಮಾರಿಗಳು: ಧಾನ್ಯದ್ದೇ ಆಗಬೇಕು, ಮರದ ಪೀಪಾಯಿಯಲ್ಲಿ ಮೂರು ವರ್ಷ ಇರಲೇಬೇಕು ಅನ್ನುತ್ತಾರೆ. ನಮ್ಮ ಕಾಕಂಬಿ ವಿಸ್ಕಿ ಅಲ್ಲಿಗೆ ಹೋದರೆ ವಿಸ್ಕಿ ಅಂತ ಹೇಳಿಕೊಳ್ಳುವ ಹಾಗಿಲ್ಲ. ವಿಮಾನ ಹತ್ತಿದ ತಕ್ಷಣ ಬಿರುದು ಕಳಚುತ್ತದೆ.

ಬಿಯರ್ ಕಡೆ ಬಂದರೆ ಇನ್ನೊಂದು ಚೆಲುವು. ಸ್ಟ್ರಾಂಗ್ ಬಿಯರಿನ ಮೇಲೆ 'ಶೇ. 8 ಮೀರದಂತೆ' ಅಂತ ಬರೆದಿರುತ್ತದೆ. ಐದೂವರೆ ಇದ್ದರೂ ಸರಿ, ಏಳೂಮುಕ್ಕಾಲು ಇದ್ದರೂ ಸರಿ. ಬಾರ್ಲಿಯ ತೆನೆಯ ಚಿತ್ರ ಮುಂದೆ, ಅಕ್ಕಿ, ಮೆಕ್ಕೆಜೋಳದ ಅವಲಕ್ಕಿ, ಸಕ್ಕರೆ ಪಾಕ ಹಿಂದೆ. ಬಾಟಲಿಯ ಮೇಲೆ ಯಾವ ಗೊಂದಲಕ್ಕೂ ಎಡೆಯಿಲ್ಲದಂತೆ ಅಚ್ಚಾಗುವ ಮಾತು ಒಂದೇ: ಕರ್ನಾಟಕದಲ್ಲಿ ಮಾರಾಟಕ್ಕೆ ಮಾತ್ರ.

ಇಲ್ಲಿ ನಿಜ ಹೇಳಿದವರ ಪಾಡೇನು ಅಂತಲೂ ನೋಡಬೇಕು. ಮೈಸೂರು ರಸ್ತೆಯ ಕಂಬೀಪುರದಲ್ಲಿ ಅಮೃತ್‌ನವರು ಬಾರ್ಲಿಯಿಂದಲೇ ಸಿಂಗಲ್ ಮಾಲ್ಟ್, ಅಂದರೆ ಒಂದೇ ಭಟ್ಟಿಮನೆಯ ಮಾಲ್ಟ್ ವಿಸ್ಕಿ, ಮಾಡುತ್ತಾರೆ. 2004ರಲ್ಲಿ ಅದನ್ನು ಮೊದಲು ಮಾರಲು ಹೋದದ್ದು ಮೆಜೆಸ್ಟಿಕ್‌ಗಲ್ಲ, ಸ್ಕಾಟ್ಲೆಂಡಿನ ಗ್ಲಾಸ್ಗೋಗೆ. ಸ್ಕಾಟ್ಲೆಂಡಿನ ಚಳಿಯಲ್ಲಿ ಪೀಪಾಯಿಯಿಂದ ವರ್ಷಕ್ಕೆ ಶೇ. 2ರಷ್ಟು ಆವಿಯಾದರೆ, ನಮ್ಮ ಹವೆಗೆ ಶೇ. 10-12 ಹಾರಿಹೋಗುತ್ತದೆ. ಶೇ. 10ರ ಲೆಕ್ಕ ಹಿಡಿದರೂ 200 ಲೀಟರ್ ಪೀಪಾಯಿ 12 ವರ್ಷಕ್ಕೆ 56 ಲೀಟರಿಗೆ ಬರುತ್ತದೆ. ಅಲ್ಲಿ ಅದೇ ಪೀಪಾಯಿಯಲ್ಲಿ 157 ಲೀಟರ್ ಉಳಿದಿರುತ್ತದೆ. ಬಿಸಿಲಿಗೆ ಮಾಲು ಬೇಗ ಮಾಗುವುದರಿಂದ ಅಷ್ಟು ವರ್ಷ ಇಡುವ ಅಗತ್ಯವೂ ಇಲ್ಲ. ಹಾಗಾಗಿ ಇಲ್ಲಿಯ ಒಳ್ಳೆಯ ಮಾಲ್ಟ್‌ಗಳ ಮೇಲೆ ಸಾಮಾನ್ಯವಾಗಿ ವಯಸ್ಸು ಇರುವುದಿಲ್ಲ. ವಯಸ್ಸು ಹಾಕಿದರೆ ಒಳಗಿರುವ ಅತಿ ಕಿರಿಯ ಸ್ಪಿರಿಟ್‌ನದನ್ನೇ ಹಾಕಬೇಕು ಎಂಬುದು ನಿಯಮ. ಆದರೆ ಬ್ರ್ಯಾಂಡಿನ ಹೆಸರಿನಲ್ಲೇ ಒಂದು ಅಂಕಿ ಇಟ್ಟುಕೊಂಡರೆ? ಅದು ವಯಸ್ಸಲ್ಲ, ನಾಮಕರಣ. ಗಿರಾಕಿ ಅಂಕಿ ಇದ್ದದ್ದನ್ನೇ ಎತ್ತಿಕೊಂಡು ಹೋಗುತ್ತಾನೆ.

ಟಿವಿಯಲ್ಲಿ ಮದ್ಯದ ಜಾಹೀರಾತಿಗೆ ನಿಷೇಧವಿದೆ, ಹಾಗಾಗಿ ಅದೇ ಹೆಸರಿನ ಸೋಡಾ, ಅದೇ ಹೆಸರಿನ ಲೋಟ, ಅದೇ ಹೆಸರಿನ ಸಂಗೀತ. 2022ರ ಜೂನ್‌ನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಇಂಥ ಬದಲಿ ಜಾಹೀರಾತನ್ನೂ ನಿಷೇಧಿಸಿತು. ಆ ಸೋಡಾ ಒಂದು ಕೊಡಿ ಅಂತ ಅಂಗಡಿಯಲ್ಲಿ ಕೇಳಿ ನೋಡಿ.

ಅಮೆರಿಕದವರು ಲೇಬಲ್ಲಿನ ವಿಷಯದಲ್ಲಿ ಬಲು ಸೂಕ್ಷ್ಮ ಮನಸ್ಸಿನವರು. ಬೆಕ್ಸ್ ಬಿಯರ್ ಜರ್ಮನಿಯದಲ್ಲ, ತಮ್ಮದೇ ದೇಶದ ಸೇಂಟ್ ಲೂಯಿಸ್‌ನಲ್ಲಿ ಕುದಿಸಿದ್ದು ಅಂತ ಗೊತ್ತಾಗಿ ಕೋರ್ಟಿಗೆ ಹೋದರು. ಲೇಬಲ್ ಮೇಲೆ ಬರೆದಿದ್ದೆವಲ್ಲ ಅಂದಿತು ಕಂಪನಿ. ಬರೆದಿತ್ತು, ಬೆಳ್ಳಿ ಮಿರುಗಿನ ಮೇಲೆ ಬಿಳಿ ಅಕ್ಷರದಲ್ಲಿ, ಪೆಟ್ಟಿಗೆಯಿಂದ ಬಾಟಲಿ ಎತ್ತದೆ ಕಾಣದ ಜಾಗದಲ್ಲಿ. 2015ರಲ್ಲಿ ರಾಜಿಯಾಯಿತು: ರಸೀದಿ ಇದ್ದವರಿಗೆ 50 ಡಾಲರ್‌ವರೆಗೆ, ರಸೀದಿ ಇಲ್ಲದವರಿಗೂ 12 ಡಾಲರ್‌ವರೆಗೆ. ಅದೇ ವರ್ಷ ಫ್ಲಾರಿಡಾದ ಕೋರ್ಟಿನಲ್ಲಿ ಮೇಕರ್ಸ್ ಮಾರ್ಕ್ ಎಂಬ ಬರ್ಬನ್, ಅಂದರೆ ಅಮೆರಿಕದ ವಿಸ್ಕಿಯ, ಕೇಸು ತೀರ್ಮಾನವಾಯಿತು; 'ಕೈಯಲ್ಲೇ ಮಾಡಿದ್ದು' ಅಂತ ಬರೆದು ಯಂತ್ರದಲ್ಲಿ ಮಾಡಿದ್ದಾರೆ ಎಂಬುದು ದೂರು. ಸ್ವೆಟರನ್ನಾದರೆ ಕೈಯಲ್ಲಿ ಹೆಣೆಯಬಹುದು, ಬರ್ಬನ್ನನ್ನು ಹೇಗೆ ಕೈಯಲ್ಲಿ ಮಾಡುತ್ತಾರೆ, ಇದನ್ನು ನಂಬುವವರು ಯಾರು ಅಂತ ನ್ಯಾಯಾಧೀಶರು ಕೇಸು ವಜಾ ಮಾಡಿದರು. ನಂಬಲಾರದಷ್ಟು ದೊಡ್ಡ ಸುಳ್ಳಿಗೆ ಶಿಕ್ಷೆಯಿಲ್ಲ ಎಂಬ ಈ ತತ್ವ ನಮ್ಮ ರಾಜಕಾರಣಿಗಳಿಗೆ ಎಂದೋ ಗೊತ್ತಿತ್ತು.

ನಮ್ಮ ಬೆಂಗಳೂರೂ ಇಂಥ ಒಂದು ಕೇಸು ಗೆದ್ದಿದೆ. ಖೋಡೇಸ್‌ನವರ 'ಪೀಟರ್ ಸ್ಕಾಟ್' ವಿಸ್ಕಿ 1968ರಿಂದ ತಯಾರಾಗುತ್ತಿತ್ತು. ಸ್ಕಾಟ್ ಎಂಬ ಹೆಸರು ಕೇಳಿ ಜನ ಸ್ಕಾಚ್ ಅಂದುಕೊಳ್ಳುತ್ತಾರೆ ಅಂತ ಸ್ಕಾಚ್ ವಿಸ್ಕಿ ಸಂಘದವರು ತಕರಾರು ತೆಗೆದರು. ಕಂಪನಿಯ ವಿವರಣೆ ಕೇಳಿ: ಹೆಸರು ಸೂಚಿಸಿದ ನೌಕರರ ಹೆಸರು ಪೀಟರ್, ಅವರ ತಂದೆ ಸ್ಕಾಟ್ಲೆಂಡಿನವರು. ಪಿತೃಭಕ್ತಿಯನ್ನು ಯಾವ ಕೋರ್ಟು ತಪ್ಪೆಂದೀತು? ಸಂಘಕ್ಕೆ ಈ ಬಾಟಲಿಯ ಸುದ್ದಿ ಗೊತ್ತಾದದ್ದು 1974ರಲ್ಲಿ, ಅರ್ಜಿ ಹಾಕಿದ್ದು 1986ರಲ್ಲಿ. ವಿಸ್ಕಿಯನ್ನಷ್ಟೇ ಅಲ್ಲ, ತಕರಾರನ್ನೂ 12 ವರ್ಷ ಮಾಗಿಸಿ ಹೊರತೆಗೆಯುವ ಜನ. ತಡವಾಯಿತು ಅಂತ 2008ರಲ್ಲಿ ಸುಪ್ರೀಂ ಕೋರ್ಟ್ ಖೋಡೇಸ್ ಪರ ತೀರ್ಪು ಕೊಟ್ಟಿತು. ಜೊತೆಗೆ ಇನ್ನೊಂದು ಮಾತು ಹೇಳಿತು: ಸ್ಕಾಚ್ ಕೊಳ್ಳುವವರು ವಿದ್ಯಾವಂತರು, ಉಳ್ಳವರು, ಯಾವುದು ಎಲ್ಲಿ ಹೇಗೆ ತಯಾರಾಗುತ್ತದೆ ಎಂಬ ವ್ಯತ್ಯಾಸ ಅವರಿಗೆ ತಿಳಿದಿರುತ್ತದೆ. ಸ್ಕಾಚ್ ಕುಡಿಯುವವರ ಬಗ್ಗೆ ಹೇಳಿದ ಈ ಪ್ರಶಂಸಾಪತ್ರ, ಬೆಳಿಗ್ಗೆ ಹತ್ತಕ್ಕೆ ಶಟರ್ ಏರುವುದನ್ನೇ ಕಾಯುತ್ತಾ 90 ಎಂ.ಎಲ್. ಪ್ಯಾಕೆಟಿಗೆ ಚಿಲ್ಲರೆ ಎಣಿಸುತ್ತಿರುವವರಿಗೂ ಸೇರಿದ್ದು ಅಂತ ವಾದಿಸಲು ಎಷ್ಟು ಹೊತ್ತು?

ಆದರೂ ದೂರು ಕೊಡಲೇಬೇಕು ಅನ್ನುವವರಿಗೆ ಕ್ರಮ ಹೇಳಿಬಿಡುವುದು ಒಳ್ಳೆಯದು. ಒಂದೇ ಬ್ಯಾಚ್ ನಂಬರಿನ ಎರಡು ಬಾಟಲಿ ಕೊಳ್ಳಿ. ಒಂದು ಮೋಸಹೋಗಲು, ಇನ್ನೊಂದು ಸಾಕ್ಷಿಗೆ. ಎರಡನೆಯದರ ಮುಚ್ಚಳದ ಮೇಲಿನ ಅಬಕಾರಿ ಚೀಟಿ ಹರಿಯಬಾರದು. ಇಂಥ ಹೆಚ್ಚಿನ ಕೇಸುಗಳು ಬಿದ್ದುಹೋಗುವುದು ಇಲ್ಲೇ. ಸಾಕ್ಷಿಯನ್ನು ಫಿರ್ಯಾದಿಯೇ ಶನಿವಾರ ರಾತ್ರಿ ಮುಗಿಸಿರುತ್ತಾನೆ. ಆಮೇಲೆ ಬಿಲ್.

"ಅಣ್ಣ, ಬಿಲ್ ಕೊಡಿ."

"ಏನ್ ಸಾರ್, ಆಫೀಸ್‌ನಲ್ಲಿ ಕ್ಲೇಮ್ ಮಾಡ್ಕೋತೀರಾ?"

ಫೋನ್‌ಪೇ ಸ್ಕ್ರೀನ್‌ಶಾಟ್ ಇದೆಯಲ್ಲ ಅನ್ನಬೇಡಿ. ಅದರಲ್ಲಿ ಅಂಗಡಿಯವರ ಭಾವಮೈದನ ಹೆಸರು, ಮೊತ್ತ ಇರುತ್ತದೆ. ಏನು ಕೊಂಡಿರಿ ಅಂತ ಇರುವುದಿಲ್ಲ. ಬಿಲ್ ಸಿಕ್ಕಿತೋ, ಮುಂದೆ ಸಲೀಸು. 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ಕೊಟ್ಟ ಬೆಲೆ 5 ಲಕ್ಷ ಮೀರದಿದ್ದರೆ ಶುಲ್ಕವಿಲ್ಲ, ಕ್ವಾರ್ಟರ್ ಇನ್ನೂ ಅಲ್ಲಿಗೆ ಮುಟ್ಟಿಲ್ಲ. ಎರಡು ವರ್ಷದೊಳಗೆ ದೂರು ಹಾಕಬೇಕು. ಆನ್‌ಲೈನಿನಲ್ಲೂ ಆಗುತ್ತದೆ, ಶಾಂತಿನಗರದ ಬಿಎಂಟಿಸಿ ಕಟ್ಟಡದಲ್ಲಿರುವ ಜಿಲ್ಲಾ ಆಯೋಗಕ್ಕೂ ಹೋಗಬಹುದು. ಎದುರು ಪಕ್ಷಕ್ಕೆ ಉತ್ತರಿಸಲು 30 ದಿನ, ಕೇಳಿದರೆ ಇನ್ನು 15. ಪರೀಕ್ಷೆ ಬೇಕಾದರೆ ಆಯೋಗ ಬಾಟಲಿಗೆ ಮೊಹರು ಹಾಕಿ ಲ್ಯಾಬಿಗೆ ಕಳಿಸುತ್ತದೆ, ವರದಿಗೆ 45 ದಿನ, ಖರ್ಚು ಮೊದಲು ಕಟ್ಟುವವರು ನೀವೇ. ಪರೀಕ್ಷೆಯಿದ್ದರೂ ಐದು ತಿಂಗಳಲ್ಲಿ ತೀರ್ಮಾನಿಸಲು ಯತ್ನಿಸಬೇಕು ಅನ್ನುತ್ತದೆ ಕಾಯ್ದೆ. ಬಾಟಲಿಯ ಲೇಬಲ್ ನಂಬಿದವರು ಇದನ್ನೂ ನಂಬಬಹುದು.

ಲ್ಯಾಬಿನಲ್ಲಿ ನಿಜ ಹೊರಗೆ ಬರುವುದರಲ್ಲಿ ಅನುಮಾನವಿಲ್ಲ. ಗ್ಯಾಸ್ ಕ್ರೊಮಟೋಗ್ರಫಿ ಎಂಬ ಪರೀಕ್ಷೆ ಮದ್ಯಸಾರ ಎಷ್ಟು, ಮಾಲ್ಟ್‌ನಿಂದ ಬರಬೇಕಾದ ಎಸ್ಟರು ಎಂಬ ಪರಿಮಳದ ವಸ್ತುಗಳು ಎಷ್ಟು ಅಂತ ಹೇಳುತ್ತದೆ. ಕಬ್ಬು, ಮೆಕ್ಕೆಜೋಳ ಗಾಳಿಯ ಇಂಗಾಲ ಹೀರುವ ಬಗೆ ಬೇರೆ, ಬಾರ್ಲಿ, ಭತ್ತ, ದ್ರಾಕ್ಷಿಯ ಬಗೆ ಬೇರೆ; ಕಾರ್ಬನ್-13 ಎಂಬ ತುಸು ಭಾರದ ಇಂಗಾಲ ಅಳೆದರೆ ಗದ್ದೆಯೇ ಸಿಕ್ಕಿಬೀಳುತ್ತದೆ. ಆಗ ಕಂಪನಿಯ ವಕೀಲರು ಎದ್ದುನಿಂತು ಬಾಟಲಿಯ ಬೆನ್ನು ತೋರಿಸುತ್ತಾರೆ. ಇಎನ್‌ಎ ಅಂತ ಬರೆದಿದ್ದೇವೆ. ಪ್ರೀಮಿಯಂ ಎಂಬುದು ಅಭಿಪ್ರಾಯ. ಸಿಂಹ ಚಿತ್ರ. ದೂರುದಾರರು ವಿದ್ಯಾವಂತರು, ಉಳ್ಳವರು, 2008ರ ತೀರ್ಪು ನೋಡಿ.

ಇದಕ್ಕೆ ಪರಿಹಾರ ಒಂದೇ. ದೂರಿನ ಜೊತೆ ಹೇಗೂ ಅಫಿಡವಿಟ್ ಕೊಡಬೇಕು. ಅದರಲ್ಲೇ ಒಂದು ಕಲಂ ಸೇರಿಸಿ: 'ನಾನು ಉಳ್ಳವನಲ್ಲ, ತಿಳಿದವನಲ್ಲ, ಜಿಂಕೆಯ ಚಿತ್ರ ನೋಡಿ ಸ್ಕಾಟ್ಲೆಂಡ್ ಎಂದು ನಂಬುವಷ್ಟು ದಡ್ಡನಿದ್ದೇನೆ, ಇದು ನನ್ನ ತಿಳಿವಳಿಕೆಗೆ ಬಂದಮಟ್ಟಿಗೆ ಸತ್ಯ.' ಛಾಪಾ ಕಾಗದದ ಮೇಲೆ ಟೈಪ್ ಮಾಡಿಸಿ ನೋಟರಿ ಮಾಡಿಸಿ. ದಡ್ಡತನಕ್ಕೆ ದಾಖಲೆ ಏನಿದೆ ಅಂತ ಅವರು ಕೇಳಿದರೆ ಬಿಲ್ ತೋರಿಸಿ.