ಬಿ ಸೈಡಿನ ಮೂರನೇ ಹಾಡು

ನಮ್ಮ ಮನೆಯ ಹಳೇ ಟೇಪ್ ರೆಕಾರ್ಡರ್ ಮತ್ತೆ ಹಾಡತೊಡಗಿದೆ. ಅದಕ್ಕೇನೂ ದೊಡ್ಡ ಕಾಯಿಲೆ ಇರಲಿಲ್ಲ. ಒಳಗಿನ ರಬ್ಬರ್ ಬೆಲ್ಟ್ ವರ್ಷಗಟ್ಟಲೆ ಸುಮ್ನೆ ಕೂತು, ಕರಗಿ, ಹಲಸಿನ ಮೇಣದ ಹಾಗೆ ಚಕ್ರಕ್ಕೆ ಅಂಟಿಕೊಂಡಿತ್ತು, ಅಷ್ಟೇ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಅಲೆಯುವ ತಾಳ್ಮೆ ಇದ್ದರೆ ಬೆಲ್ಟೇನು, ಏನು ಬೇಕಾದರೂ ಸಿಗುತ್ತದೆ. ಹೊಸ ಬೆಲ್ಟ್ ಹಾಕಿ, ಹತ್ತಿಗೆ ಸ್ಪಿರಿಟ್ ಅದ್ದಿ, ಟೇಪ್ ಉಜ್ಜಿಕೊಂಡು ಹೋಗುವ ಹೆಡ್ ಒರೆಸಿದೆ. ಹತ್ತಿ ಕಂದು ಬಣ್ಣಕ್ಕೆ ತಿರುಗಿತು. ಅದು ಟೇಪಿನ ಮೇಲೆ ಬಳಿದಿರುವ ಕಬ್ಬಿಣದ ಆಕ್ಸೈಡಿನ ಪುಡಿ. ಹಾಡು ಕೂತಿರುವುದೇ ಅದರಲ್ಲಿ. ಅಂದರೆ ಕೇಳಿದಷ್ಟೂ ಹಾಡು ಒಂಚೂರು ಸವೆಯುತ್ತದೆ. ಫೋನಿನಲ್ಲಿ ಸವೆಯುವುದು ಬ್ಯಾಟರಿ ಮಾತ್ರ.

ಭಾವಗೀತೆ ನಮ್ಮ ಅಡುಗೆಮನೆಯವರೆಗೂ ಬಂದದ್ದು ಕ್ಯಾಸೆಟ್ಟಿನ ದಯೆಯಿಂದ. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ 1978ರಲ್ಲಿ ಬಂತು. ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್ ಅಂತಲೇ ಅದಕ್ಕೆ ಹೆಸರು. ಶಿಶುನಾಳ ಶರೀಫರ ಪದಗಳನ್ನು ಅಶ್ವತ್ಥ್ ದನಿಯಲ್ಲಿ ಎಷ್ಟು ಜನ ಮೊದಲು ಕೇಳಿದ್ದು ರೇಡಿಯೋ, ಟೇಪ್ ಎರಡೂ ಇರುವ ಟು-ಇನ್-ಒನ್‌ನಲ್ಲಿ, ಅಲ್ವಾ?

ತೊಂಬತ್ತು ನಿಮಿಷದ ಕ್ಯಾಸೆಟ್ಟಿನಲ್ಲಿ ಹತ್ತಿರಹತ್ತಿರ 130 ಮೀಟರ್ ಟೇಪ್ ಇರುತ್ತದೆ. ಒಂದು ಹಾಡು ಹಾರಿಸಬೇಕಾದರೆ ಫಾರ್ವರ್ಡ್ ಒತ್ತಬೇಕು, ನಿಲ್ಲಿಸಬೇಕು, ಕೇಳಬೇಕು. ಜಾಸ್ತಿ ಮುಂದೆ ಹೋಗಿದ್ದರೆ ಮತ್ತೆ ಹಿಂದಕ್ಕೆ. ಸೆಲ್ ಉಳಿಸಬೇಕೆಂದರೆ ತೂತಿಗೆ ಪೆನ್ಸಿಲ್ ತೂರಿಸಿ ಕೈಯಲ್ಲೇ ಗರಗರ ತಿರುಗಿಸಬೇಕು. ಇಷ್ಟೆಲ್ಲ ಯಾರು ಮಾಡುತ್ತಾರೆ? ‘ಹಾಡ್ಕೊಳ್ಳಲಿ ಬಿಡು’ ಅಂತ ಬಿಡುತ್ತಿದ್ದೆವು. ಈ ಸೋಮಾರಿತನದಿಂದಲೇ ಬಿ ಸೈಡಿನ ಮೂರನೇ ಹಾಡು ಬದುಕಿತು. ಅದು ಯಾರಿಗೂ ಬೇಡದ ಹಾಡು. ಮೊದಲು ಬೇಸರ, ಆಮೇಲೆ ಅಭ್ಯಾಸ, ಕೊನೆಗೆ ನೋಡಿದರೆ ಸ್ನಾನ ಮಾಡುವಾಗ ಬಾಯಿಗೆ ಬರುವುದು ಅದೇ! ಫೋನಿನಲ್ಲಾದರೆ ಅದನ್ನು ಪಲ್ಲವಿ ಮುಗಿಯುವುದಕ್ಕೂ ಬಿಡುತ್ತಿರಲಿಲ್ಲ. ಈಗ ಆ ಹಾಡಿಗೋಸ್ಕರವೇ ಕ್ಯಾಸೆಟ್ ಹಾಕುತ್ತೇನೆ. ಬರುವವರೆಗೆ ಕಾಯುತ್ತೇನೆ.

ಕ್ಯಾಸೆಟ್ಟಿನ ದನಿಯೇ ಚೆಂದ ಅಂತ ವಾದ ಮಾಡುವವರ ಜೊತೆ ನಾನಿಲ್ಲ. ಹಿನ್ನೆಲೆಯಲ್ಲಿ ಸುಯ್ ಅನ್ನುವ ಸದ್ದು ಇದ್ದೇ ಇದೆ. ಆದರೆ ಅದರ ಇನ್ನೊಂದು ದೋಷ ನನಗೆ ಬಲು ಇಷ್ಟ. ಟೇಪನ್ನು ಸುರುಳಿ ಸುತ್ತಿ ವರ್ಷಗಟ್ಟಲೆ ಇಟ್ಟರೆ, ಒಂದು ಸುತ್ತಿನ ಕಾಂತತ್ವ ಅದಕ್ಕೆ ತಾಗಿಕೊಂಡ ಸುತ್ತಿಗೂ ಸ್ವಲ್ಪ ಹತ್ತುತ್ತದೆ. ಹಾಗಾಗಿ ಹಾಡು ಶುರುವಾಗುವ ಒಂದೆರಡು ಸೆಕೆಂಡ್ ಮೊದಲೇ ಅದರ ಮೊದಲ ಸಾಲು ಎಲ್ಲೋ ದೂರದಲ್ಲಿ ಕೇಳಿದಂತಾಗುತ್ತದೆ.

ಮೊನ್ನೆ ಮಗಳು ಇದನ್ನು ಪತ್ತೆ ಮಾಡಿದಳು. “ಅಪ್ಪಾ, ಪಕ್ಕದ ಮನೆಯವರೂ ಇದೇ ಹಾಡು ಹಾಕಿದ್ದಾರೆ. ನಮಗಿಂತ ಸ್ವಲ್ಪ ಮುಂದಿದ್ದಾರೆ!”