ಸಿಕಲ್ ಸೆಲ್: ಕೊಡಗು ನೋಡಬೇಕಾದ್ದು ಲಂಡನ್ ಕಡೆಗಲ್ಲ, ಜಮೈಕಾ ಕಡೆಗೆ

ಇಂಗ್ಲೆಂಡಿನಲ್ಲಿರುವ ಕೊಡಗಿನವನೊಬ್ಬ ಆರೋಗ್ಯ ತಪಾಸಣೆಯ ಬಗ್ಗೆ ಬರೆಯಲು ಕೂತರೆ ‘ಇಲ್ಲಿ ನೋಡಿ ಕಲಿಯಿರಿ’ ಎಂಬ ಉಪದೇಶ ಬರುತ್ತದೆಂದು ಓದುಗರು ಮೊದಲೇ ಊಹಿಸಿಬಿಡುತ್ತಾರೆ. ಕೆಂಪು ರಕ್ತಕಣಗಳು ಕುಡುಗೋಲಿನ ಆಕಾರಕ್ಕೆ ಬಾಗಿ ಬೇಗ ಒಡೆಯುವ, ತಂದೆತಾಯಿಯಿಂದ ಮಕ್ಕಳಿಗೆ ಬರುವ ಸಿಕಲ್ ಸೆಲ್ ರೋಗದ ಮಟ್ಟಿಗೆ ಹಾಗೆ ಬರೆಯಲಾರೆ. ಇಲ್ಲಿಂದ ಕೊಡಗಿಗೆ ಒಯ್ಯುವಂಥದ್ದು ಒಂದೇ ಒಂದಿದೆ. ಉಳಿದದ್ದನ್ನು ಜಮೈಕಾದ ತಾಯಂದಿರಿಂದ ಕಲಿಯಬೇಕು.

ರಾಷ್ಟ್ರೀಯ ಸಿಕಲ್ ಸೆಲ್ ಅನೀಮಿಯಾ ನಿರ್ಮೂಲನಾ ಅಭಿಯಾನ ಶುರುವಾದದ್ದು 2023ರ ಜುಲೈ 1ರಂದು. ಕರ್ನಾಟಕವೂ ಸೇರಿ 17 ರಾಜ್ಯಗಳ ಬುಡಕಟ್ಟು ಪ್ರದೇಶಗಳಲ್ಲಿ 40 ವರ್ಷದೊಳಗಿನ 7 ಕೋಟಿ ಜನರನ್ನು ಪರೀಕ್ಷಿಸಬೇಕು, 2047ಕ್ಕೆ ರೋಗ ಇಲ್ಲವಾಗಬೇಕು ಎಂಬುದು ಗುರಿ. ಭಾರತದಲ್ಲಿ ಈ ರೋಗದ ಗುಣ ಮೊದಲು ವರದಿಯಾದದ್ದು 1952ರಲ್ಲಿ, ನೀಲಗಿರಿಯ ಬುಡಕಟ್ಟುಗಳಲ್ಲಿ. ಅದೇ ಕಾಡು ವಯನಾಡು ದಾಟಿ ನಮ್ಮ ಕುಟ್ಟ, ಬಾಳೆಲೆ, ತಿತಿಮತಿಯವರೆಗೂ ಹಬ್ಬಿದೆ. ಯರವರು, ಜೇನುಕುರುಬರು, ಬೆಟ್ಟಕುರುಬರು ಇರುವ ಹಾಡಿಗಳಲ್ಲೂ ತೋಟಗಳ ಲೈನ್ ಮನೆಗಳಲ್ಲೂ ತಪಾಸಣೆ ಬೇಕೇ ಬೇಕು. ಅದರಲ್ಲಿ ನನ್ನ ತಕರಾರಿಲ್ಲ. ತಕರಾರಿರುವುದು ಎಣಿಕೆಯ ಬಗ್ಗೆ: ಎಷ್ಟು ಜನರ ಬೆರಳು ಚುಚ್ಚಿದೆವು, ಫಲಿತಾಂಶ ಬರೆದ ಎಷ್ಟು ಕಾರ್ಡು ಹಂಚಿದೆವು ಎಂಬುದಷ್ಟೇ ಲೆಕ್ಕಕ್ಕೆ ಬರುತ್ತಿದೆ.

ಶಿಬಿರಗಳಲ್ಲಿ ಹೆಚ್ಚಾಗಿ ಮಾಡುವುದು ಸಾಲ್ಯುಬಿಲಿಟಿ ಪರೀಕ್ಷೆ. ಸುಮಾರು 2 ಮಿಲಿಲೀಟರ್ ದ್ರಾವಣಕ್ಕೆ 20 ಮೈಕ್ರೊಲೀಟರ್ ರಕ್ತ ಬೆರೆಸಿ, ಐದು ನಿಮಿಷ ಬಿಟ್ಟು, ಕೊಳವೆಯ ಹಿಂದೆ ಗೆರೆ ಎಳೆದ ಕಾಗದ ಹಿಡಿಯುತ್ತಾರೆ. ಗೆರೆ ಕಂಡರೆ ನೆಗೆಟಿವ್, ದ್ರಾವಣ ಕದಡಿ ಗೆರೆ ಮರೆಯಾದರೆ ಪಾಸಿಟಿವ್. ಅಗ್ಗ, ಬೇಗ, ಹಾಡಿಯ ಜಗಲಿಯಲ್ಲೇ ಆಗುವಂಥದ್ದು. ಆದರೆ ಇದು ಎಡವುವ ಕಡೆಗಳು ಹಲವು. ದ್ರಾವಣದಲ್ಲಿರುವ ಸೋಡಿಯಂ ಡೈಥಯೋನೈಟ್ ಗಾಳಿಗೂ ಬಿಸಿಗೂ ಬೇಗ ಕೆಡುತ್ತದೆ. ಜೀಪಿನ ಡ್ಯಾಶ್‌ಬೋರ್ಡ್ ಮೇಲೆ ಮಧ್ಯಾಹ್ನದವರೆಗೆ ಕೂತ ಬಾಟಲಿಯನ್ನು ನಂಬುವಂತಿಲ್ಲ. ರಕ್ತಹೀನತೆ ತೀವ್ರವಾಗಿದ್ದರೆ ಆ 20 ಮೈಕ್ರೊಲೀಟರಿನಲ್ಲಿ ಹಿಮೋಗ್ಲೋಬಿನ್ನೇ ಸಾಲದೆ ತಪ್ಪು ನೆಗೆಟಿವ್ ಬರುತ್ತದೆ. ಇತ್ತೀಚೆಗೆ ರಕ್ತ ಹಾಕಿಸಿಕೊಂಡವರಲ್ಲೂ ಹಾಗೆಯೇ. ಆರು ತಿಂಗಳೊಳಗಿನ ಕೂಸಿನ ರಕ್ತದಲ್ಲಿ ಭ್ರೂಣದ ಹಿಮೋಗ್ಲೋಬಿನ್ ಹೆಚ್ಚಿರುವುದರಿಂದ ಈ ಪರೀಕ್ಷೆ ಅಲ್ಲಿ ಕೆಲಸಕ್ಕೇ ಬಾರದು. ಎಲ್ಲಕ್ಕಿಂತ ದೊಡ್ಡ ಕೊರತೆಯೆಂದರೆ, ಪಾಸಿಟಿವ್ ಬಂದವರು ರೋಗಿಯೋ, ತಂದೆ ತಾಯಿಯರಲ್ಲಿ ಒಬ್ಬರಿಂದ ಮಾತ್ರ ಆ ಗುಣ ಪಡೆದ ಬರೀ ವಾಹಕರೋ ಎಂದು ಇದು ಹೇಳುವುದಿಲ್ಲ. ಅದಕ್ಕೆ ಹಿಮೋಗ್ಲೋಬಿನ್ನಿನ ಬಗೆಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಎಂಬ ಪ್ರಯೋಗಾಲಯದ ಪರೀಕ್ಷೆ ಬೇಕು. ಆ ಫಲಿತಾಂಶ ಬರುವ ಹೊತ್ತಿಗೆ ಲೈನ್ ಮನೆಯ ಕುಟುಂಬ ಇನ್ನೊಂದು ತೋಟಕ್ಕೆ ಹೋಗಿರುತ್ತದೆ. ಅವರ ಕಿವಿಯಲ್ಲಿ ಉಳಿಯುವುದು ಶಿಬಿರದ ದಿನ ಬಿದ್ದ ಮಾತು ಮಾತ್ರ: ‘ನಿನ್ನ ರಕ್ತದಲ್ಲಿ ದೋಷ ಇದೆ.’

ವಾಹಕರಿಗೆ ರೋಗವಿಲ್ಲ. ಔಷಧಿ ಬೇಡ, ದುಡಿಮೆಗೆ ಅಡ್ಡಿಯಿಲ್ಲ, ಆಯಸ್ಸು ಕಡಿಮೆಯಾಗುವುದಿಲ್ಲ. ತಂದೆತಾಯಿ ಇಬ್ಬರೂ ವಾಹಕರಾಗಿದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ರೋಗ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ನಾಲ್ಕು ಮಕ್ಕಳಲ್ಲಿ ಒಂದಕ್ಕೆ ಬಂದರೆ ಮಿಕ್ಕ ಮೂರು ಪಾರು ಎಂದಲ್ಲ. ಪ್ರತಿ ಸಲವೂ ಹೊಸ ಲೆಕ್ಕ. ಒಬ್ಬರು ಮಾತ್ರ ವಾಹಕರಾಗಿದ್ದು ಇನ್ನೊಬ್ಬರಿಗೆ ರೋಗವೂ ಇಲ್ಲದಿದ್ದರೆ ಮಗುವಿಗೆ ಸಿಕಲ್ ಸೆಲ್ ಅನೀಮಿಯಾ ಬರುವುದೇ ಇಲ್ಲ. ಇಷ್ಟನ್ನು ಬೆರಳು ಚುಚ್ಚುವ ಮೊದಲೇ ಹೇಳಬೇಕು, ಅದೂ ಅವರ ಮನೆಮಾತಿನಲ್ಲಿ. ಅಚ್ಚಾದ ಕನ್ನಡ ಕರಪತ್ರ ಹಂಚಿ ‘ಆರೋಗ್ಯ ಶಿಕ್ಷಣ ನೀಡಲಾಯಿತು’ ಎಂದು ಬರೆದುಕೊಳ್ಳುವುದು ಓದಲು ಬಾರದ ಅಜ್ಜಿಗೆ ಮಾಡುವ ಮೋಸ.

ಇನ್ನು ಕಾರ್ಡಿನ ಮಾತು. ಗಂಡಿನ ಕಾರ್ಡನ್ನೂ ಹೆಣ್ಣಿನ ಕಾರ್ಡನ್ನೂ ಒಂದರ ಮೇಲೊಂದಿಟ್ಟು ನೋಡಿದರೆ ಹುಟ್ಟುವ ಮಗುವಿನ ಸಾಧ್ಯತೆ ತಿಳಿಯುತ್ತದೆ, ಜಾತಕ ಹೊಂದಿಸಿದ ಹಾಗೆ. ಬುದ್ಧಿವಂತಿಕೆಯ ಉಪಾಯವೇ. ಆದರೆ ಹುಡುಗ ಹುಡುಗಿ ಮೊದಲು ಜೊತೆಯಾಗಿ, ಹಿರಿಯರು ಆಮೇಲೆ ಒಪ್ಪುವುದು ಹಾಡಿಗಳಲ್ಲಿ ಹೊಸದೇನಲ್ಲ. ಅಲ್ಲಿ ಕಾರ್ಡು ನೋಡುವವರು ಯಾರು? ಹಿರಿಯರೇ ನಿಶ್ಚಯಿಸುವ ಮದುವೆಯಲ್ಲಾದರೂ ಫಲಿಸೀತೇ ಎಂದರೆ, ಗ್ರೀಸಿನ ಆರ್ಕೊಮೆನೋಸ್‌ನಲ್ಲಿ 1960ರ ದಶಕದಲ್ಲೇ ಅದನ್ನು ನೋಡಿದ್ದಾರೆ. ಆ ಊರಿನಲ್ಲಿ ನಾಲ್ವರಲ್ಲಿ ಸುಮಾರು ಒಬ್ಬರು ವಾಹಕರು. ಎಲ್ಲರನ್ನೂ ಪರೀಕ್ಷಿಸಿ, ವಾಹಕರಿಬ್ಬರು ಮದುವೆಯಾಗಬೇಡಿ ಎಂದು ತಿಳಿಹೇಳಿದರು. ಏಳು ವರ್ಷ ಕಳೆದು ಮತ್ತೆ ಹೋಗಿ ನೋಡಿದರೆ, ವಾಹಕ ಜೋಡಿಗಳ ಪ್ರಮಾಣ ಏನೂ ಹೇಳದೆ ಬಿಟ್ಟಿದ್ದರೆ ಎಷ್ಟಿರುತ್ತಿತ್ತೋ ಅಷ್ಟೇ ಇತ್ತು. ಬದಲಾದದ್ದು ಒಂದೇ: ವಾಹಕರೆಂದರೆ ಕಳಂಕ ಎನ್ನುವಂತಾಗಿ, ಸಂಬಂಧ ತಪ್ಪೀತೆಂದು ಜನ ಫಲಿತಾಂಶ ಮುಚ್ಚಿಡತೊಡಗಿದ್ದರು. ಅಮೆರಿಕದಲ್ಲೂ 1970ರ ದಶಕದಲ್ಲಿ ಕೆಲವು ರಾಜ್ಯಗಳು ತಪಾಸಣೆ ಕಡ್ಡಾಯ ಮಾಡಿ, ವಾಹಕರಿಗೂ ರೋಗಿಗಳಿಗೂ ವ್ಯತ್ಯಾಸವೇ ತಿಳಿಯದಂತೆ ಮಾಡಿಟ್ಟಿದ್ದವು.

ಇಂಗ್ಲೆಂಡಿನ ದಾರಿ ಬೇರೆ. ಇಲ್ಲಿ ಹೊರಡುವುದು ಮದುವೆಯಿಂದಲ್ಲ, ಕೂಸಿನಿಂದ. ಬಸುರಿಗೆ ಹತ್ತು ವಾರ ತುಂಬುವುದರೊಳಗೆ ಪರೀಕ್ಷೆ ಮಾಡುವ ಪ್ರಯತ್ನ ಇರುತ್ತದೆ. ಆಕೆ ವಾಹಕಳಾಗಿದ್ದರೆ ಗಂಡನನ್ನೂ ಕರೆಯುತ್ತಾರೆ. ಹುಟ್ಟಿದ ಐದನೇ ದಿನಕ್ಕೆ ಮಗುವಿನ ಹಿಮ್ಮಡಿ ಚುಚ್ಚಿ ನಾಲ್ಕು ಹನಿ ರಕ್ತವನ್ನು ಕಾಗದದ ಮೇಲೆ ಇಳಿಸಿಕೊಳ್ಳುತ್ತಾರೆ. ರೋಗವಿದ್ದರೆ ಮೂರು ತಿಂಗಳೊಳಗೆ ದಿನಕ್ಕೆರಡು ಬಾರಿ ಪೆನಿಸಿಲಿನ್ ಶುರುವಾಗಬೇಕು. ಏಕೆಂದರೆ ಸೋಂಕಿನ ವಿರುದ್ಧ ಹೋರಾಡುವ, ಎಡ ಪಕ್ಕೆಲುಬಿನಡಿಯ ಗುಲ್ಮ (ಸ್ಪ್ಲೀನ್) ಈ ಮಕ್ಕಳಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ. ನ್ಯುಮೋಕಾಕಸ್ ಎಂಬ ಬ್ಯಾಕ್ಟೀರಿಯಾದ ಸೋಂಕು ಒಂದೇ ದಿನದಲ್ಲಿ ಜೀವ ತೆಗೆಯಬಲ್ಲದು. 1986ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ ಪೆನಿಸಿಲಿನ್ ಈ ಸೋಂಕನ್ನು 84 ಪ್ರತಿಶತ ಇಳಿಸಿತು. ಪ್ರಯೋಜನ ಅಷ್ಟು ಸ್ಪಷ್ಟವಾಗಿದ್ದರಿಂದ ಅದನ್ನು ಅವಧಿಗೆ ಮೊದಲೇ ನಿಲ್ಲಿಸಿದರು. ಕೊಡಗಿಗೆ ಒಯ್ಯಬೇಕಾದ್ದು ಈ ಕ್ರಮವನ್ನೇ. ಹೆರಿಗೆಯಾಗಿ ಆಸ್ಪತ್ರೆ ಬಿಡುವ ಮೊದಲೇ ಹಿಮ್ಮಡಿಯ ರಕ್ತ ತೆಗೆದಿಟ್ಟರೆ ಆಮೇಲೆ ಹಾಡಿ ಹಾಡಿ ಅಲೆಯಬೇಕಿಲ್ಲ. ನ್ಯುಮೋಕಾಕಸ್ ಲಸಿಕೆ 6 ವಾರ, 14 ವಾರ, 9 ತಿಂಗಳಿಗೆ ನಮ್ಮಲ್ಲಿ ಈಗಾಗಲೇ ಇದೆ.

ಉಳಿದಂತೆ ಇಂಗ್ಲೆಂಡಿನ ಅಂಚೆ, ಅಪಾಯಿಂಟ್‌ಮೆಂಟ್ ಪತ್ರಗಳ ಲೋಕ ಕೊಡಗಿಗೆ ಹೊಂದುವುದಿಲ್ಲ. ಅದು ಇಲ್ಲೂ ಎಲ್ಲರಿಗೆ ಹೊಂದಿಲ್ಲ. ನೋವಿನಿಂದ ಒದ್ದಾಡುತ್ತ ಬಂದ ಸಿಕಲ್ ರೋಗಿಗೆ ಅರ್ಧ ಗಂಟೆಯೊಳಗೆ ನೋವು ನಿವಾರಕ ಕೊಡಬೇಕೆಂಬ ಮಾರ್ಗಸೂಚಿ 2012ರಿಂದ ಇದ್ದರೂ, ಸಿಬ್ಬಂದಿ ತಮ್ಮ ನೋವನ್ನು ನಂಬುವುದಿಲ್ಲ ಎಂಬ ರೋಗಿಗಳ ದೂರು 2021ರಲ್ಲಿ ಸಂಸದರ ಗುಂಪೊಂದರ ವರದಿಯಾಗಿ ಬಂತು.

ಈಗ ಜಮೈಕಾಕ್ಕೆ ಬರೋಣ. ಸಿಕಲ್ ಮಕ್ಕಳಲ್ಲಿ, ಮುಖ್ಯವಾಗಿ ಆರು ತಿಂಗಳಿಂದ ಐದು ವರ್ಷದವರೆಗೆ, ಗುಲ್ಮ ಇದ್ದಕ್ಕಿದ್ದಂತೆ ಊದಿ ಮೈಯ ರಕ್ತವನ್ನು ತನ್ನೊಳಗೇ ಹಿಡಿದಿಟ್ಟುಕೊಳ್ಳುತ್ತದೆ. ಗಂಟೆಗಳಲ್ಲಿ ಮಗು ಬಿಳಿಚಿಕೊಂಡು ಸಾಯಬಹುದು. ಅಲ್ಲಿನ ವೈದ್ಯರು ಗುಲ್ಮ ಮುಟ್ಟಿ ನೋಡುವುದನ್ನು ತಾಯಂದಿರಿಗೇ ಕಲಿಸಿದರು. 1985ರಲ್ಲಿ ಪ್ರಕಟವಾದ ಲೆಕ್ಕದಂತೆ, ಪತ್ತೆಯಾಗುವ ಪ್ರಕರಣ ಇಮ್ಮಡಿಗೂ ಹೆಚ್ಚಾಯಿತು. ನೂರು ಪ್ರಕರಣಕ್ಕೆ ಸಾವು 29ರಿಂದ 3ಕ್ಕೆ ಇಳಿಯಿತು. ಹೊಸ ಯಂತ್ರ ಬರಲಿಲ್ಲ, ಹೊಸ ಔಷಧಿಯೂ ಬರಲಿಲ್ಲ.

ಕಲಿಸುವುದು ಕಷ್ಟವಲ್ಲ. ಮಗುವನ್ನು ಅಂಗಾತ ಮಲಗಿಸಿ ಮಂಡಿ ಮಡಿಸಬೇಕು, ಹೊಟ್ಟೆ ಸಡಿಲವಾಗುತ್ತದೆ. ಕೈ ಬೆಚ್ಚಗಿರಲಿ. ಹೊಕ್ಕುಳಿನ ಕೆಳಗಿಂದ ಶುರುಮಾಡಿ ಎಡ ಪಕ್ಕೆಲುಬಿನ ಕಡೆಗೆ ಬೆರಳ ತುದಿಗಳನ್ನು ಮೆಲ್ಲಗೆ ಒತ್ತುತ್ತ ಹೋಗಬೇಕು. ಪಕ್ಕೆಲುಬಿನ ಅಂಚಿನಿಂದಲೇ ಶುರುಮಾಡಿದರೆ ದೊಡ್ಡ ಗುಲ್ಮ ಬೆರಳಡಿಯೇ ಇದ್ದರೂ ಅದರ ತುದಿ ಗೊತ್ತಾಗದು. ಮಗು ಉಸಿರೆಳೆದಾಗ ಗಟ್ಟಿ ಅಂಚು ತಾಗುತ್ತದೆ. ಪಕ್ಕೆಲುಬಿನಿಂದ ಅಲ್ಲಿಯವರೆಗಿನ ಉದ್ದವನ್ನು ಒಂದು ಕಡ್ಡಿಯ ಮೇಲೆ ಗುರುತು ಮಾಡಿ ಇಟ್ಟುಕೊಳ್ಳಬೇಕು. ಭಾರತದ ಅನೇಕ ರೋಗಿಗಳಲ್ಲಿ ಗುಲ್ಮ ಮೊದಲೇ ದೊಡ್ಡದಿರುವುದರಿಂದ ಈ ಕಡ್ಡಿ ಇಲ್ಲದಿದ್ದರೆ ಹಳೆಯದು ಯಾವುದು, ಹೊಸ ಊತ ಯಾವುದು ತಿಳಿಯದು. ದಿನಕ್ಕೊಮ್ಮೆ ನೋಡಬೇಕು, ಜ್ವರ ಬಂದರೆ ಹಲವು ಬಾರಿ. ಗುರುತು ದಾಟಿ, ಅಂಗೈ ತುಟಿ ಬಿಳಿಚಿ, ಮಗು ಜೋಲುಬಿದ್ದರೆ ಉಪಕೇಂದ್ರದಲ್ಲಿ ಕಾಯದೆ ರಕ್ತ ಕೊಡುವ ಆಸ್ಪತ್ರೆಗೇ ಹೋಗಬೇಕು. ತಿತಿಮತಿಯಿಂದ ಮಡಿಕೇರಿಗೆ ಮಳೆಗಾಲದಲ್ಲಿ ಎಷ್ಟು ಹೊತ್ತು ಹಿಡಿಯುತ್ತದೆಂದು ಗೊತ್ತಿರುವವರಿಗೆ ಬೇಗ ಗುರುತಿಸುವುದರ ಬೆಲೆ ವಿವರಿಸಬೇಕಿಲ್ಲ.

ಕೊಡಗಿಗೇ ಸೇರಿದ ಪಾಠಗಳೂ ಇವೆ. ಚಳಿ, ಒದ್ದೆ, ನೀರು ಕುಡಿಯದೆ ದುಡಿಯುವುದು, ಇವೆಲ್ಲ ನೋವಿನ ದಾಳಿ ಎಬ್ಬಿಸುತ್ತವೆ. ಜುಲೈ ಮಳೆಯಲ್ಲಿ ನಾಟಿಗೆ ಇಳಿಯುವ ರೋಗಿಗೆ ಒಣಬಟ್ಟೆ, ಬಿಸಿನೀರು, ನಡುವೆ ಬಿಡುವು ಕೊಡುವುದು ತೋಟದ ಮಾಲೀಕರ, ರೈಟರ ಕೈಯಲ್ಲಿದೆ; ಆರೋಗ್ಯ ಶಿಕ್ಷಣದ ಪಟ್ಟಿಗೆ ಅವರನ್ನು ಸೇರಿಸಿದ್ದೇ ಕಾಣೆ. ‘ರಕ್ತ ಕಡಿಮೆ’ ಎಂದು ಕಬ್ಬಿಣದ ಮಾತ್ರೆ ಕೊಟ್ಟು ಕಳಿಸಿದರೆ ಸಾಲದು: ಈ ರೋಗದಲ್ಲಿ ಕೆಂಪು ಕಣ 120 ದಿನ ಬಾಳುವ ಬದಲು 10–20 ದಿನಕ್ಕೇ ಒಡೆಯುತ್ತದೆ. ಫೋಲಿಕ್ ಆಸಿಡ್ ಬೇಕು. ಕಬ್ಬಿಣ, ಕೊರತೆ ಖಚಿತವಾದರೆ ಮಾತ್ರ. ನೋವಿನ ದಾಳಿಗಳನ್ನು ಕಡಿಮೆ ಮಾಡಲು ಕೊಡುವ ಹೈಡ್ರಾಕ್ಸಿಯೂರಿಯಾ ನೋವು ಬಂದಾಗ ನುಂಗುವ ಗುಳಿಗೆಯಲ್ಲ. ದಿನವೂ ತೆಗೆದುಕೊಂಡರೂ ಗುಣ ಕಾಣಲು ತಿಂಗಳುಗಳು ಬೇಕು, ಆಗಾಗ ರಕ್ತಕಣಗಳ ಎಣಿಕೆ ಆಗಬೇಕು, ಬಸುರಿಯರು ತೆಗೆದುಕೊಳ್ಳಬಾರದು. ಇದನ್ನು ಹೇಳದೆ ಕೊಟ್ಟದ್ದನ್ನು ಎರಡು ವಾರಕ್ಕೆ ಬಿಟ್ಟುಬಿಟ್ಟರೆ ತಪ್ಪು ರೋಗಿಯದಲ್ಲ.

ಶಿಬಿರವನ್ನು ಕಾಫಿ ಕೊಯ್ಲಿನ ನಡುವೆ ಹಗಲು ಹನ್ನೊಂದಕ್ಕೆ ಇಟ್ಟರೆ ಹಾಡಿಯಲ್ಲಿ ಸಿಗುವುದು ಮುದುಕರು ಮತ್ತು ನಾಯಿಗಳು. ಸಂಜೆ ಇಡಿ, ಲೈನ್ ಮನೆಯ ಹತ್ತಿರ ಇಡಿ. ಆಶಾ ಕಾರ್ಯಕರ್ತೆಯ ರಿಜಿಸ್ಟರಿನಲ್ಲಿ ‘ಕಾರ್ಡ್ ವಿತರಣೆ’ ಪಕ್ಕದಲ್ಲಿ ಇನ್ನೆರಡು ಅಂಕಣ ಸೇರಿಸಿ: ರೋಗವಿರುವ ಮಗುವಿಗೆ ಪೆನಿಸಿಲಿನ್ ಶುರುವಾದ ತಾರೀಖು, ತಾಯಿ ತಾನೇ ಗುಲ್ಮ ಮುಟ್ಟಿ ತೋರಿಸಿದ ತಾರೀಖು.